ಗಲ್ಲಿಗೆ ಹೋಗುವ ದಾರಿ

ಶೂದ್ರಕನ ಸಂಸ್ಕೃತ ನಾಟಕ ‘ಮೃಚ್ಛಕಟಿಕ’ದ ಹತ್ತನೆಯ ಅಂಕದ ಬಹುಪಾಲಿನಲ್ಲಿ ನಡೆಯುವುದು ಒಂದೇ ಕೆಲಸ: ಒಬ್ಬನನ್ನು ಕೊಲ್ಲಲು ಕರೆದುಕೊಂಡು ಹೋಗುವುದು. ಅಂಕ ಶುರುವಾಗುವ ಹೊತ್ತಿಗೆ ವಿಚಾರಣೆ ಮುಗಿದಿದೆ. ಒಡವೆಯ ಆಸೆಗೆ ತನ್ನ ಪ್ರೇಯಸಿ, ಗಣಿಕೆ ವಸಂತಸೇನೆಯನ್ನು ಕೊಂದನೆಂದು ಬ್ರಾಹ್ಮಣ ಚಾರುದತ್ತನಿಗೆ ಶೂಲದ ಶಿಕ್ಷೆಯಾಗಿದೆ. ಬ್ರಾಹ್ಮಣನನ್ನು ಕೊಲ್ಲುವಂತಿಲ್ಲ, ಗಡಿಪಾರು ಮಾಡಬಹುದು ಎಂದು ನ್ಯಾಯಾಧೀಶ ಮನುವಿನ ಮಾತು ಎತ್ತಿದ್ದ. ರಾಜ ಪಾಲಕ ಕಿವಿಗೆ ಹಾಕಿಕೊಳ್ಳಲಿಲ್ಲ. ಈಗ ಉಜ್ಜಯಿನಿಯ ಬೀದಿಯಲ್ಲಿ ಮೆರವಣಿಗೆ ಹೊರಟಿದೆ. ಕೊರಳಲ್ಲಿ ಕಣಗಿಲೆ ಹೂವಿನ ಮಾಲೆ, ಹೆಗಲ ಮೇಲೆ ತನ್ನನ್ನೇ ಏರಿಸಬೇಕಾದ ಶೂಲ. ಮೈತುಂಬ ರಕ್ತಚಂದನದಲ್ಲಿ ಅದ್ದಿ ಒತ್ತಿದ ಅಂಗೈ ಗುರುತುಗಳು, ಅದರ ಮೇಲೆ ಉದುರಿಸಿದ ಹಿಟ್ಟು. ಮನುಷ್ಯನಾದ ನನ್ನನ್ನು ಪಶು ಮಾಡಿಬಿಟ್ಟರು ಎನ್ನುತ್ತಾನೆ ಚಾರುದತ್ತ. ಘೋಷಣೆಯ ಜಾಗ ಬಂದಲ್ಲೆಲ್ಲ ಮೆರವಣಿಗೆ ನಿಲ್ಲುತ್ತದೆ. ಡಂಗುರ ಬಡಿಯುತ್ತಾರೆ. ವಿನಯದತ್ತನ ಮೊಮ್ಮಗ, ಸಾಗರದತ್ತನ ಮಗ ಎಂದು ಮನೆತನದ ಹೆಸರು ಹಿಡಿದು ಅಪರಾಧ ಸಾರುತ್ತಾರೆ. ಯಜ್ಞಯಾಗಗಳಲ್ಲಿ ಕೇಳಬೇಕಾಗಿದ್ದ ಹೆಸರುಗಳು ಅವು. ಇಲ್ಲಿ ಡಂಗುರದ ಜೊತೆ ಬೀದಿಗೆ ಬಿದ್ದಿವೆ.

ಕರೆದೊಯ್ಯುವ ಇಬ್ಬರು ವಧಕರನ್ನು ನಾಟಕ ಚಾಂಡಾಲರೆಂದು ಕರೆಯುತ್ತದೆ. ಆ ಅಂಕದ ಅತ್ಯಂತ ಸಭ್ಯ ಮಾತು ಅವರದೇ. ನಾವು ಆ ಕುಲದಲ್ಲಿ ಹುಟ್ಟಿರಬಹುದು, ಆದರೆ ಸಜ್ಜನರಿಗೆ ಕೇಡು ಬಗೆಯುವವರೇ ನಿಜವಾದ ಚಾಂಡಾಲರು ಎಂದು ಅವರು ಹೇಳುತ್ತಾರೆ. ಸ್ಮಶಾನ ಹತ್ತಿರ ಬಂದಾಗ ಇವತ್ತು ಕೊಲ್ಲುವ ಸರದಿ ಯಾರದು ಎಂದು ಇಬ್ಬರಿಗೂ ಚರ್ಚೆ ಹತ್ತುತ್ತದೆ. ಗೆರೆ ಎಳೆದು ಲೆಕ್ಕ ಹಾಕುತ್ತಾರೆ. ಸರದಿ ಬಂದವನು ಆಗ ಅಪ್ಪ ಸಾಯುವಾಗ ಹೇಳಿದ ಬುದ್ಧಿಮಾತು ನೆನೆಸಿಕೊಳ್ಳುತ್ತಾನೆ: ಮಗನೇ, ನಿನ್ನ ಸರದಿ ಬಂದರೆ ಅವಸರ ಮಾಡಿ ಕೊಲ್ಲಬೇಡ. ಯಾಕೆ? ಯಾರಾದರೂ ಪುಣ್ಯಾತ್ಮ ಹಣ ಕೊಟ್ಟು ಬಿಡಿಸಬಹುದು. ರಾಜನಿಗೆ ಮಗ ಹುಟ್ಟಿ, ಆ ಸಂಭ್ರಮಕ್ಕೆ ಎಲ್ಲರಿಗೂ ಬಿಡುಗಡೆ ಆಗಬಹುದು. ಆನೆ ಸರಪಳಿ ಹರಿದುಕೊಂಡು ಆ ಗಲಿಬಿಲಿಯಲ್ಲಿ ಕೈದಿ ತಪ್ಪಿಸಿಕೊಳ್ಳಬಹುದು. ಇಲ್ಲವೇ ರಾಜನೇ ಬದಲಾಗಬಹುದು. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು ಎಂದು ನಾವು ಹೇಳುತ್ತೇವೆ. ಇಲ್ಲಿ ಹಾಗೆ ಹೇಳುತ್ತಿರುವವನು ದೊಣ್ಣೆ ಬೀಸಬೇಕಾದವನೇ.

ಮರಣದಂಡನೆಯ ಬಗ್ಗೆ ಬಂದಿರುವ ಒಳ್ಳೆಯ ಸಾಹಿತ್ಯವೆಲ್ಲ ಹೆಚ್ಚುಕಡಿಮೆ ಈ ಅವಸರ ಮಾಡದಿರುವುದರಲ್ಲೇ ಇದೆ. ತೀರ್ಪಿಗೂ ಸಾವಿಗೂ ನಡುವೆ ಒಂದು ದಾರಿ ಇರುತ್ತದೆ. ಆಳುವವರು ಅದನ್ನು ಶಿಕ್ಷೆಯ ಭಾಗವೆಂದೇ ಹಾಕಿದ್ದು: ಜನ ನೋಡಲಿ, ಹೆದರಲಿ ಎಂದು. ಬರೆಯುವವರು ಅದೇ ದಾರಿಯಲ್ಲಿ ಬೇರೇನೋ ಕಂಡರು. ಮುನ್ನೂರು ವರ್ಷಗಳಲ್ಲಿ ಆ ದಾರಿ ಹೇಗೆ ಗಿಡ್ಡವಾಗುತ್ತ ಬಂತು, ಅದರ ಜೊತೆ ಸಾಹಿತ್ಯ ಹೇಗೆ ಬದಲಾಯಿತು ಎನ್ನುವುದಕ್ಕೆ ಲಂಡನ್ನಿನಷ್ಟು ವಿವರವಾದ ದಾಖಲೆ ಇರುವ ಊರು ಇನ್ನೊಂದಿಲ್ಲ. ಆದ್ದರಿಂದ ಇಲ್ಲಿಂದ ಮುಂದೆ ಹೆಚ್ಚು ಹೊತ್ತು ಲಂಡನ್ನಿನಲ್ಲೇ ಇರೋಣ.

ಈಗ ಮಾರ್ಬಲ್ ಆರ್ಚ್ ಇರುವ ಕಡೆ, ಎಜ್‌ವೇರ್ ರಸ್ತೆ ಕೂಡುವ ವೃತ್ತದ ನಡುಗಡ್ಡೆಯಲ್ಲಿ, ನೆಲಕ್ಕೆ ಒಂದು ದುಂಡು ಕಲ್ಲು ಹಾಕಿದ್ದಾರೆ. ಲಂಡನ್ನಿನ ಹಳೆಯ ವಧಾಸ್ಥಾನ ಟೈಬರ್ನ್ ಅಂದರೆ ಅದೇ ಜಾಗ. 1571ರಲ್ಲಿ ಅಲ್ಲಿ ಹೊಸ ಗಲ್ಲು ನಿಲ್ಲಿಸಿದರು. ಎರಡು ಕಂಬದ ಮೇಲೆ ಒಂದು ತೊಲೆ ಇಡುವ ಮಾಮೂಲಿ ನಮೂನೆ ಅಲ್ಲ. ತ್ರಿಕೋನದ ಮೂರು ಮೂಲೆಗೆ ಮೂರು ಕಂಬ, ಅವುಗಳ ಮೇಲೆ ಮೂರು ತೊಲೆ. ಜನ ಅದಕ್ಕೆ ಮೂರು ಕಾಲಿನ ಮರ ಎಂದು ಹೆಸರಿಟ್ಟರು. ಲಾಭ ಏನೆಂದರೆ ಒಂದೊಂದು ತೊಲೆಗೆ ಎಂಟೆಂಟು ಜನ, ಒಟ್ಟು 24. 1649ರ ಜೂನ್ 23ರಂದು ಅಷ್ಟೂ ತುಂಬಿತ್ತು: 23 ಗಂಡಸರು, ಒಬ್ಬ ಹೆಂಗಸು. 1759ರಲ್ಲಿ ಆ ಮರ ಕಿತ್ತು, ಬೇಕಾದಾಗ ಜೋಡಿಸಿ ಬೇಡವಾದಾಗ ಬಿಚ್ಚಿಡುವ ಗಲ್ಲು ತಂದರು. ಹಳೆಯ ಜಾಗಕ್ಕೆ ಸುಂಕದ ಕಟ್ಟೆ ಬಂತು.

ಕೈದಿಗಳಿದ್ದ ನ್ಯೂಗೇಟ್ ಸೆರೆಮನೆಗೂ ಟೈಬರ್ನ್‌ಗೂ ಸುಮಾರು ಮೂರು ಮೈಲಿ. ಆದರೆ ದಾರಿ ಶುರುವಾಗುತ್ತಿದ್ದದ್ದು ಹಿಂದಿನ ಭಾನುವಾರವೇ, ಸೆರೆಮನೆಯ ಪ್ರಾರ್ಥನಾ ಮಂದಿರದಲ್ಲಿ. ಸಾಯಬೇಕಾದವರಿಗೆ ಕಪ್ಪು ಬಳಿದ ಬೇರೆ ಕಟಕಟೆ, ಅವರ ಕಣ್ಣೆದುರಿಗೆ ಮೇಜಿನ ಮೇಲೊಂದು ಶವಪೆಟ್ಟಿಗೆ. ಪಾದ್ರಿ ಅವರನ್ನೇ ಉದ್ದೇಶಿಸಿ ಉಪದೇಶ ಮಾಡುವಾಗ ಹೊರಗಿನ ಜನ ಕಾವಲುಗಾರರ ಕೈಬೆಚ್ಚಗೆ ಮಾಡಿ ಒಳಗೆ ಬಂದು ಕೂತಿರುತ್ತಿದ್ದರು. ಗಲ್ಲಿನ ಹಿಂದಿನ ರಾತ್ರಿ ಎದುರಿನ ಸೇಂಟ್ ಸೆಪಲ್ಕರ್ ಚರ್ಚಿನ ಗಂಟೆಯವನು ಕೈಗಂಟೆ ಹಿಡಿದು ಬರುತ್ತಿದ್ದ. ಕತ್ತಲೆ ಕೋಣೆಯಲ್ಲಿ ಮಲಗಿರುವವರೇ, ಸಿದ್ಧರಾಗಿ, ನಾಳೆ ಸಾಯುತ್ತೀರಿ ಎಂದು ಪದ್ಯ ಹೇಳುವುದು ಅವನ ಕೆಲಸ. ಇದಕ್ಕೆ ದತ್ತಿ ಇತ್ತು: 1605ರಲ್ಲಿ ರಾಬರ್ಟ್ ಡೌ ಎಂಬ ಶ್ರೀಮಂತ ವರ್ತಕ 50 ಪೌಂಡ್ ಇಟ್ಟಿದ್ದ. ಕೈದಿಯ ಆತ್ಮೋದ್ಧಾರಕ್ಕೆಂದು ಕೊಟ್ಟ ದಾನ ಅದು. ಸಾಯುವ ಹಿಂದಿನ ರಾತ್ರಿ ಕಣ್ಣು ಮುಚ್ಚಿದವನನ್ನು ಪದ್ಯ ಹೇಳಿ ಎಬ್ಬಿಸುವುದು ಎಂಥ ಪುಣ್ಯವೋ. ಆ ಗಂಟೆ ಈಗಲೂ ಚರ್ಚಿನೊಳಗೆ ಗಾಜಿನ ಪೆಟ್ಟಿಗೆಯಲ್ಲಿದೆ.

ಬೆಳಿಗ್ಗೆ ಅಂಗಳಕ್ಕೆ ತಂದು ಕಾಲಿನ ಸಂಕೋಲೆ ಒಡೆಸುತ್ತಿದ್ದರು. ಕೈಯನ್ನು ಮುಂದಕ್ಕೆ ಕಟ್ಟುವುದು, ಜೋಡಿಸಿ ಪ್ರಾರ್ಥನೆ ಮಾಡಲು ಆಗಲಿ ಎಂದು. ಹಗ್ಗ ಆಗಲೇ ಕೊರಳಿಗೆ ಬಿದ್ದಿರುತ್ತದೆ. ಕುದುರೆ ಗಾಡಿಯಲ್ಲಿ ಕೂರಲು ಬೇರೆ ಆಸನ ಇಲ್ಲ, ಅವರವರ ಶವಪೆಟ್ಟಿಗೆಯೇ ಆಸನ. ಮುಂದೆ ಸಿಟಿ ಮಾರ್ಷಲ್, ಸುತ್ತ ಈಟಿ ಹಿಡಿದವರು. ಚರ್ಚಿನ ಮುಂದೆ ಒಮ್ಮೆ ನಿಂತು ಹೂಗೊಂಚಲು ಕೊಡುವುದು. ಸ್ನೋ ಹಿಲ್ ಇಳಿದು, ಹೋಬರ್ನ್ ಏರಿ, ಸೇಂಟ್ ಜೈಲ್ಸ್‌ಗೆ ಬಂದರೆ ಅಲ್ಲಿ ಒಂದು ಬಟ್ಟಲು ಬಿಯರ್ ಕುಡಿಸುವ ಹಳೆಯ ವಾಡಿಕೆ. ಆಮೇಲೆ ಈಗಿನ ಆಕ್ಸ್‌ಫರ್ಡ್ ರಸ್ತೆಯುದ್ದಕ್ಕೂ ಟೈಬರ್ನ್‌ವರೆಗೆ. ಜನಸಂದಣಿ ಬಹಳ ಇದ್ದ ದಿನ ಮೂರು ಮೈಲಿಗೆ ಮೂರು ಗಂಟೆ ಹಿಡಿಯುತ್ತಿತ್ತು. ಹೋಟೆಲುಗಳ ಮುಂದೆ ಗಾಡಿ ನಿಲ್ಲುತ್ತಿತ್ತು. ಜೊನಾಥನ್ ಸ್ವಿಫ್ಟ್ ಬರೆದ ಒಂದು ಚಿಕ್ಕ ಪದ್ಯದಲ್ಲಿ ಟಾಮ್ ಕ್ಲಿಂಚ್ ಎಂಬ ಕಳ್ಳ ಹೀಗೇ ಹೋಗುತ್ತ ಒಂದು ಬಾಟಲಿ ಮದ್ಯ ತರಿಸಿ ಕುಡಿದು, ದುಡ್ಡು ವಾಪಸ್ ಬರುವಾಗ ಕೊಡುತ್ತೇನೆ ಎನ್ನುತ್ತಾನೆ.

ಬಟ್ಟೆಯ ವಿಷಯ ಇಲ್ಲಿ ಹೇಳಲೇಬೇಕು. ಕೆಲವರು ಶವಕ್ಕೆ ಹೊದಿಸುವ ಬಿಳಿ ಬಟ್ಟೆ ಹಾಕಿಕೊಂಡೇ ಹೊರಡುತ್ತಿದ್ದರು. ಕೆಲವರು ಮದುವೆ ಗಂಡಿನಂತೆ ಸಿಂಗರಿಸಿಕೊಂಡು. ತನ್ನ ಮನೆಯ ಅಧಿಕಾರಿಯನ್ನು ಗುಂಡು ಹೊಡೆದು ಕೊಂದ ಅರ್ಲ್ ಫೆರರ್ಸ್ 1760ರ ಮೇ 5ರಂದು ಬೆಳ್ಳಿಯ ಕಸೂತಿ ಹಾಕಿದ ತನ್ನ ಮದುವೆಯ ಉಡುಪಿನಲ್ಲೇ, ತನ್ನದೇ ಸಾರೋಟಿನಲ್ಲಿ ಹೋದ. ದಾರಿಗೆ ಎರಡೂ ಮುಕ್ಕಾಲು ಗಂಟೆ ಹಿಡಿಯಿತು. ಶ್ರೀಮಂತನೆಂದು ರೇಷ್ಮೆ ಹಗ್ಗ ಕೊಟ್ಟರಂತೆ ಎಂಬುದು ಕಟ್ಟುಕತೆ. ಮದುವೆಗೂ ವಧೆಗೂ ಒಂದೇ ಉಡುಪು ಆಗುವುದನ್ನು ಶೂದ್ರಕನೂ ಬಿಟ್ಟಿಲ್ಲ. ವಸಂತಸೇನೆ ಬದುಕಿ ಎದುರಿಗೆ ಬಂದು ನಿಂತ ಕ್ಷಣ, ಇದೇ ಕೆಂಪು ಬಟ್ಟೆ ಇದೇ ಮಾಲೆ ಈಗ ವರನ ಅಲಂಕಾರದಂತಿದೆ, ವಧೆಯ ವಾದ್ಯವೇ ಮದುವೆಯ ವಾದ್ಯವಾಯಿತು ಎನ್ನುತ್ತಾನೆ ಚಾರುದತ್ತ.

ಟೈಬರ್ನ್‌ನಲ್ಲಿ ಕೂತು ನೋಡಲು ಬಾಡಿಗೆಯ ಕಟ್ಟೆಗಳಿದ್ದವು, ಕ್ರಿಕೆಟ್ ಮೈದಾನದ ಗ್ಯಾಲರಿಯ ಹಾಗೆ. 1758ರಲ್ಲಿ ದೇಶದ್ರೋಹದ ಅಪರಾಧಿ ಡಾಕ್ಟರ್ ಹೆನ್ಸಿಯ ಗಲ್ಲಿನ ದಿನ ಆಸನದ ದರ ಎರಡು ಶಿಲ್ಲಿಂಗಿನಿಂದ ಎರಡೂವರೆಗೆ ಏರಿತು. ಜನ ದುಡ್ಡು ಕೊಟ್ಟು ಕೂತರು. ಅಷ್ಟರಲ್ಲಿ ಅವನಿಗೆ ಜೀವದಾನ ಬಂತು. ಸಿಟ್ಟಿಗೆದ್ದ ಜನ ಕಟ್ಟೆಗಳನ್ನು ಮುರಿದು ಹಾಕಿದರು. ಕ್ಷಮೆಯ ಸುದ್ದಿಗೆ ಗಲಭೆ ಎದ್ದ ದಿನ ಅದು. ಆಟ ರದ್ದಾದರೆ ಟಿಕೆಟ್ ದುಡ್ಡು ವಾಪಸ್ ಕೇಳುವವರ ಸಿಟ್ಟು, ಬೇರೇನಲ್ಲ.

ಇನ್ನು ಕೊಲ್ಲುವ ಕ್ರಮ. ಗಾಡಿಯನ್ನು ತೊಲೆಯ ಕೆಳಗೆ ತಂದು ನಿಲ್ಲಿಸಿ, ಹಗ್ಗ ಮೇಲೆ ಕಟ್ಟಿ, ಪಾದ್ರಿಯ ಪ್ರಾರ್ಥನೆ, ಕೈದಿಯ ಕೊನೆ ಮಾತು ಮುಗಿದ ಮೇಲೆ ಕುದುರೆಗೆ ಚಾಟಿ ಏಟು. ಗಾಡಿ ಸರಿಯುತ್ತದೆ, ಅಷ್ಟೇ. ಸಾವು ಬೇಗ ಬರುತ್ತಿರಲಿಲ್ಲ. ನೆಂಟರು, ಗೆಳೆಯರು ಓಡಿ ಬಂದು ಕಾಲು ಹಿಡಿದು ಜಗ್ಗುವುದು ಕರುಣೆಯ ಕೆಲಸವಾಗಿತ್ತು. ಸುಮಾರು ಒಂದು ಗಂಟೆಯ ಮೇಲೆ ಇಳಿಸುತ್ತಿದ್ದರು. ಅಷ್ಟಾದರೂ ಎಲ್ಲರೂ ಸಾಯುತ್ತಿರಲಿಲ್ಲ. 1705ರ ಕ್ರಿಸ್‌ಮಸ್ ಹಿಂದಿನ ದಿನ ಜಾನ್ ಸ್ಮಿತ್ ಎಂಬವನು ಕಾಲು ಗಂಟೆ ತೂಗಿದ ಮೇಲೆ ಜೀವದಾನದ ಸುದ್ದಿ ಬಂದು ಹಗ್ಗ ಕತ್ತರಿಸಿದರು, ಬದುಕಿದ. ಅಲ್ಲಿಂದ ಮುಂದೆ ಅವನ ಹೆಸರೇ ಅರ್ಧ ನೇಣಾದ ಸ್ಮಿತ್. 1740ರಲ್ಲಿ ವಿಲಿಯಂ ಡುಯೆಲ್ ಎಂಬ ಹುಡುಗ ಶಸ್ತ್ರವೈದ್ಯರ ಮೇಜಿನ ಮೇಲೆ ಕೊಯ್ಯುವ ಮೊದಲು ಉಸಿರಾಡತೊಡಗಿದ, ಗಡಿಪಾರಾಗಿ ಹೋದ.

ಮೇಜಿನ ಮಾತು ಬಂತಲ್ಲ: ಹೆಣಕ್ಕಾಗಿ ಗಲ್ಲಿನ ಬುಡದಲ್ಲೇ ಹೊಡೆದಾಟ ನಡೆಯುತ್ತಿತ್ತು. ಒಂದು ಕಡೆ ಶರೀರಶಾಸ್ತ್ರಕ್ಕೆ ಹೆಣ ಬೇಕಾದ ವೈದ್ಯರ ಆಳುಗಳು, ಇನ್ನೊಂದು ಕಡೆ ಮಣ್ಣು ಮಾಡಬೇಕೆಂಬ ನೆಂಟರು. 1752ರಲ್ಲಿ ಜಾರಿಗೆ ಬಂದ ಕೊಲೆ ಕಾಯಿದೆ ವೈದ್ಯರ ಪರ ನಿಂತಿತು: ಕೊಲೆಗಾರನ ಹೆಣವನ್ನು ಕೊಯ್ಯಲು ಕೊಡಬೇಕು, ಇಲ್ಲವೇ ಸರಪಳಿಯಲ್ಲಿ ನೇತುಹಾಕಬೇಕು, ಹೂಳುವಂತಿಲ್ಲ. ತೀರ್ಪಾದ ಮೂರನೆಯ ದಿನವೇ ಗಲ್ಲು, ಆ ದಿನ ಭಾನುವಾರವಾದರೆ ಸೋಮವಾರ. ಸತ್ತವನ ಬಟ್ಟೆ ವಧಕನಿಗೆ ಸೇರಿದ್ದು. ಹಗ್ಗವನ್ನು ಅವನು ಅಂಗುಲದ ಲೆಕ್ಕದಲ್ಲಿ ಮಾರುತ್ತಿದ್ದ. ಹೆಣದ ಕೈಯನ್ನು ಗಂಟಲ ಗಡ್ಡೆಗೆ ಮುಟ್ಟಿಸಿಕೊಂಡರೆ ವಾಸಿಯಾಗುತ್ತದೆ ಎಂದು ನಂಬಿದವರೂ ದುಡ್ಡು ಕೊಡುತ್ತಿದ್ದರು.

ಇಷ್ಟು ಜನ ಗಲ್ಲಿಗೆ ಬರುತ್ತಿದ್ದದ್ದಾದರೂ ಯಾಕೆ? 18ನೆಯ ಶತಮಾನ ಮುಗಿಯುವ ಹೊತ್ತಿಗೆ ಇಂಗ್ಲೆಂಡಿನಲ್ಲಿ ಮರಣದಂಡನೆಗೆ ಒಳಪಡುವ ಅಪರಾಧಗಳು ಸುಮಾರು 200. ಮನೆಯೊಳಗಿಂದ 40 ಶಿಲ್ಲಿಂಗ್ ಬೆಲೆಯ ಸಾಮಾನು ಕದ್ದರೆ ಸಾವು, ಅಂಗಡಿಯಿಂದಾದರೆ 5 ಶಿಲ್ಲಿಂಗ್ ಸಾಕು. ಅದಕ್ಕೇ ಮನಸ್ಸು ಕರಗಿದ ಜ್ಯೂರಿಗಳು ಎಷ್ಟೋ ಸಲ ಕದ್ದ ಮಾಲಿನ ಬೆಲೆಯನ್ನು 39 ಶಿಲ್ಲಿಂಗ್ ಎಂದು ಬರೆಯುತ್ತಿದ್ದರು. ಅದಕ್ಕೂ ಹಿಂದೆ ಇನ್ನೊಂದು ಕಿಂಡಿ ಇತ್ತು: ಓದಲು ಬಂದರೆ ಜೀವ ಉಳಿಯುತ್ತಿತ್ತು. ಬೈಬಲಿನ 51ನೆಯ ಕೀರ್ತನೆಯ ಮೊದಲ ಸಾಲನ್ನು ಓದಿ ತೋರಿಸಿದವನು ಚರ್ಚಿನವನೆಂದು ಲೆಕ್ಕ, ಗಲ್ಲು ತಪ್ಪಿತು. ಜನ ಅದನ್ನು ಕುತ್ತಿಗೆಯ ಪದ್ಯ ಎನ್ನುತ್ತಿದ್ದರು. ನಾಟಕಕಾರ ಬೆನ್ ಜಾನ್ಸನ್ 1598ರಲ್ಲಿ ಒಬ್ಬ ನಟನನ್ನು ಕತ್ತಿಯಾಟದಲ್ಲಿ ಕೊಂದು, ಇದೇ ಪದ್ಯ ಓದಿ ಪಾರಾದ. ಹೆಬ್ಬೆರಳ ಮೇಲೆ ಬರೆ ಮಾತ್ರ ಬಿತ್ತು. ಅಕ್ಷರ ಕಲಿತವರು ಅನ್ನ ತಿನ್ನುತ್ತಾರೆ ಅನ್ನುವುದನ್ನು ಕೇಳಿದ್ದೇವೆ. ಅಕ್ಷರದಿಂದ ಕುತ್ತಿಗೆ ಉಳಿದದ್ದಕ್ಕೆ ಇಂಗ್ಲಿಷ್ ಸಾಹಿತ್ಯ ಚರಿತ್ರೆಯಲ್ಲೇ ಸಾಕ್ಷಿ ಇದೆ. ಓದಿಸುವ ಪರೀಕ್ಷೆಯನ್ನು 1706ರಲ್ಲಿ ತೆಗೆದುಹಾಕಿದರು.

ಗಲ್ಲಿನ ಜೊತೆ ಒಂದು ದೊಡ್ಡ ಮುದ್ರಣ ವ್ಯಾಪಾರ ಬೆಳೆಯಿತು. ಸೆರೆಮನೆಯ ಪಾದ್ರಿಯೇ ಅಪರಾಧಿಗಳ ಬದುಕು, ತಪ್ಪೊಪ್ಪಿಗೆ, ಕೊನೆಯ ನಡತೆ ಬರೆದು ಅಚ್ಚು ಹಾಕಿಸಿ ಮಾರುತ್ತಿದ್ದ. ಅವನ ಸಂಬಳಕ್ಕಿಂತ ಆ ಕಾಗದದ ಮೇಲೇ ಅವನಿಗೆ ಕಣ್ಣು. ಇದನ್ನೆಲ್ಲ ಒಂದೇ ಚಿತ್ರದಲ್ಲಿ ನೋಡಬೇಕೆಂದರೆ ವಿಲಿಯಂ ಹೋಗಾರ್ತ್ 1747ರಲ್ಲಿ ಕೆತ್ತಿದ, ಸೋಮಾರಿ ಶಿಷ್ಯ ಟಾಮ್ ಐಡಲ್ ಟೈಬರ್ನ್‌ಗೆ ಬರುವ ಅಚ್ಚುಚಿತ್ರ ನೋಡಬೇಕು. ಮೊದಲು ಕಣ್ಣು ಹೋಗುವುದು ನಡುವೆ ನಿಂತ ಹೆಂಗಸಿನ ಕಡೆ. ಕಂಕುಳಲ್ಲಿ ಮಗು, ಕೈಯಲ್ಲಿ ಬಿಡಿ ಹಾಳೆ, ಬಾಯಿ ತೆರೆದು ಕೂಗುತ್ತಿದ್ದಾಳೆ. ಹಾಳೆಯ ಮೇಲಿನ ಅಕ್ಷರ ಓದಬಹುದು: ಥಾಮಸ್ ಐಡಲ್‌ನ ಸಾಯುವಾಗಿನ ಕೊನೆಯ ಮಾತು. ಥಾಮಸ್ ಐಡಲ್ ಇನ್ನೂ ಅವಳ ಹಿಂದೆ ಗಾಡಿಯಲ್ಲಿ ಬರುತ್ತಿದ್ದಾನೆ, ಮಾತಾಡಿಲ್ಲ, ಸತ್ತಿಲ್ಲ. ಅವನ ಪಕ್ಕದಲ್ಲಿ ಮೆಥಡಿಸ್ಟ್ ಬೋಧಕನೊಬ್ಬ ಕೈ ಎತ್ತಿ ಉಪದೇಶಿಸುತ್ತಿದ್ದಾನೆ. ಸೆರೆಮನೆಯ ಸಂಬಳದ ಪಾದ್ರಿ ಮುಂದಿನ ಮುಚ್ಚಿದ ಗಾಡಿಯಲ್ಲಿ ಬೆಚ್ಚಗೆ ಕೂತು ಕಿಟಕಿಯಿಂದ ಇಣುಕುತ್ತಾನೆ. ದೂರದಲ್ಲಿ ಮೂರು ಕಾಲಿನ ಮರ. ತೊಲೆಯ ಮೇಲೆ ವಧಕ ಒರಗಿಕೊಂಡು ಚುಟ್ಟಾಕೊಳವೆ ಸೇದುತ್ತಿದ್ದಾನೆ. ಗ್ಯಾಲರಿಯಿಂದ ಒಬ್ಬ ಪಾರಿವಾಳ ಹಾರಿಸುತ್ತಿದ್ದಾನೆ, ಸುದ್ದಿ ನ್ಯೂಗೇಟಿಗೆ ಮುಟ್ಟಲೆಂದು. ಮಿಠಾಯಿ ಮಾರುವವನು, ಉರುಳಿದ ಕಿತ್ತಳೆ ಗಾಡಿ, ಕುಡುಕರು. ಇಡೀ ಚಿತ್ರದಲ್ಲಿ ಸಾಯಲಿರುವವನ ಮುಖ ಹುಡುಕಬೇಕು. ನೀತಿ ಹೇಳಲೆಂದೇ ಮಾಡಿದ ಸರಣಿ ಅದು. ಆದರೆ ಹೋಗಾರ್ತ್‌ನ ಕೈ ಅವನ ನೀತಿಗಿಂತ ಪ್ರಾಮಾಣಿಕ.

ಮುಂದಿನ ಶತಮಾನದಲ್ಲಿ ಆ ಹೆಂಗಸಿನ ಹಾಳೆಯೇ ಉದ್ಯಮವಾಯಿತು. ಲಂಡನ್ನಿನ ಸೆವೆನ್ ಡಯಲ್ಸ್‌ನ ಜೇಮ್ಸ್ ಕ್ಯಾಟ್‌ನಾಕ್ ಅಂಥವರ ಮುದ್ರಣಾಲಯಗಳಲ್ಲಿ ಮರದ ಅಚ್ಚು ಹಳೆಯದೇ: ಗಲ್ಲು, ನೇತಾಡುವ ಆಕೃತಿ. ಹೆಸರು, ಊರು, ದಿನಾಂಕ ಮಾತ್ರ ಬದಲು. ಸತ್ತವನೇ ಬರೆದನೆಂದು ಹೇಳುವ ಪದ್ಯ ಕೆಳಗೆ, ಗಂಟೆ ಲೆಕ್ಕದಲ್ಲಿ ಹೊಸೆದದ್ದು. 1849ರಲ್ಲಿ ಕೊಲೆಗಾರ ಮ್ಯಾನಿಂಗ್ ದಂಪತಿಗಳ ಗಲ್ಲಿನ ಹಾಳೆಗಳು 25 ಲಕ್ಷ ಮಾರಾಟವಾದವೆಂದು ಪತ್ರಕರ್ತ ಹೆನ್ರಿ ಮೇಹ್ಯೂ ಬರೆದಿಟ್ಟಿದ್ದಾನೆ. ಮಾರುವವರ ಬಾಯಿಂದ ಬಂದ ಲೆಕ್ಕ ಅದು, ಸ್ವಲ್ಪ ಉಬ್ಬಿರಬಹುದು.

ಸಾಹಿತ್ಯ ಇದನ್ನೆಲ್ಲ ಹೇಗೆ ತೆಗೆದುಕೊಂಡಿತು? 1724ರ ನವೆಂಬರಿನಲ್ಲಿ ಸೆರೆಮನೆ ಮುರಿಯುವುದರಲ್ಲಿ ಹೆಸರಾದ ಜಾಕ್ ಶೆಪರ್ಡ್, ಮರುವರ್ಷ ಮೇ ತಿಂಗಳಲ್ಲಿ ಕಳ್ಳರನ್ನು ಹಿಡಿದುಕೊಡುತ್ತಲೇ ಕದ್ದ ಮಾಲು ಮಾರುತ್ತಿದ್ದ ಜೊನಾಥನ್ ವೈಲ್ಡ್ ಟೈಬರ್ನ್‌ನಲ್ಲಿ ಸತ್ತರು. ಮೂರೇ ವರ್ಷಕ್ಕೆ, 1728ರ ಜನವರಿ 29ರಂದು, ಜಾನ್ ಗೇ ಬರೆದ ‘ಬೆಗ್ಗರ್ಸ್ ಆಪೆರಾ’ ರಂಗಕ್ಕೆ ಬಂತು. ಆ ಋತುವಿನಲ್ಲಿ 62 ಪ್ರದರ್ಶನ. ಅದರ ನಾಯಕ ದರೋಡೆಕೋರ ಮ್ಯಾಕ್‌ಹೀತ್ ಕೊನೆಯಲ್ಲಿ ಗಲ್ಲಿಗೆ ಹೊರಡುತ್ತಾನೆ. ಆಗ ನಟನೊಬ್ಬ ಒಳಗೆ ಬಂದು ನಾಟಕ ಬರೆದ ಭಿಕ್ಷುಕನನ್ನು ಕೇಳುತ್ತಾನೆ: ಇವನನ್ನು ನಿಜಕ್ಕೂ ಗಲ್ಲಿಗೆ ಹಾಕುತ್ತೀಯಾ? ಹಾಗಾದರೆ ಇದು ದುರಂತವಾಯಿತಲ್ಲ, ಆಪೆರಾ ಸುಖಾಂತವಾಗಬೇಕು. ಸರಿ, ಅದೇನು ಮಹಾ ಎಂದು ಭಿಕ್ಷುಕ ಜನರಿಗೆ ಕೂಗಲು ಹೇಳುತ್ತಾನೆ, ಜೀವದಾನ, ಜೀವದಾನ ಎಂದು. ಮ್ಯಾಕ್‌ಹೀತ್ ಬದುಕಿದ.

ಶೂದ್ರಕನಲ್ಲೂ ಕೊನೆ ಗಳಿಗೆಯ ಬಿಡುಗಡೆಯೇ. ವಧಕ ಕತ್ತಿ ಎತ್ತಿದಾಗ ಅದು ಕೈಜಾರಿ ಬೀಳುತ್ತದೆ. ಸಹ್ಯಾದ್ರಿಯ ದೇವಿ, ಚಾರುದತ್ತನನ್ನು ಉಳಿಸು ಎಂದು ಅವನು ಬೇಡಿಕೊಳ್ಳುತ್ತಾನೆ. ವಸಂತಸೇನೆ ಓಡಿ ಬರುತ್ತಾಳೆ. ಜೊತೆಗೆ, ಅಪ್ಪ ಹೇಳಿದ ನಾಲ್ಕು ಸಾಧ್ಯತೆಗಳಲ್ಲಿ ನಾಲ್ಕನೆಯದು ನಿಜವಾಗುತ್ತದೆ: ದಂಗೆ ಎದ್ದ ಆರ್ಯಕ ಪಾಲಕನನ್ನು ಕೊಂದು ರಾಜನಾಗಿದ್ದಾನೆ. ಇಲ್ಲಿ ಎರಡು ನಾಟಕಗಳ ದಾರಿ ಬೇರೆಯಾಗುತ್ತದೆ. ಶೂದ್ರಕನಿಗೆ ಒಬ್ಬ ನಿರಪರಾಧಿ ಬದುಕಬೇಕಾದರೆ ರಾಜ್ಯವೇ ಮಗುಚಬೇಕು. ಗೇಗೆ ರಾಜ್ಯದ ಮೇಲೆ ಅಷ್ಟೂ ನಂಬಿಕೆ ಇಲ್ಲ. ಅವನ ಕಳ್ಳ ಉಳಿಯುವುದು ಪ್ರೇಕ್ಷಕನ ರುಚಿಯಿಂದ. ಡಾಕ್ಟರ್ ಹೆನ್ಸಿಯ ದಿನ ಕಟ್ಟೆ ಮುರಿದವರೂ ಅದೇ ಪ್ರೇಕ್ಷಕರು ಎನ್ನುವುದನ್ನು ಜೊತೆಗಿಟ್ಟು ನೋಡಿ. ನಮ್ಮ ರಾಘವಾಂಕ ಈ ದಾರಿಯನ್ನೇ ಬೇರೆ ಮಾಡಿದ: ‘ಹರಿಶ್ಚಂದ್ರ ಕಾವ್ಯ’ದಲ್ಲಿ ಕೊಲೆಯ ಆರೋಪ ಹೊತ್ತ ಚಂದ್ರಮತಿಯನ್ನು ಕಡಿಯುವ ಕೆಲಸ ಬರುವುದು ಹರಿಶ್ಚಂದ್ರನಿಗೇ. ವಧಕನೇ ಗಂಡನಾದಾಗ ದಾರಿ ಬೀದಿಯಲ್ಲಿ ಉಳಿಯುವುದಿಲ್ಲ, ಅವನೊಳಗೇ ಇರುತ್ತದೆ.

ಹೆನ್ರಿ ಫೀಲ್ಡಿಂಗ್‌ನ ಸಂಗತಿ ಇವರೆಲ್ಲರಿಗಿಂತ ವಿಚಿತ್ರ. ಕಾದಂಬರಿಕಾರನಾಗಿ 1743ರಲ್ಲಿ ಅವನು ವೈಲ್ಡ್‌ನ ಕತೆ ಬರೆದ; ಅದರಲ್ಲಿ ನಾಯಕ ಗಲ್ಲಿನ ಕೆಳಗೆ ನಿಂತಾಗಲೂ ಪ್ರಾರ್ಥನೆ ಹೇಳುತ್ತಿರುವ ಪಾದ್ರಿಯ ಜೇಬಿಗೆ ಕೈ ಹಾಕಿ ಬಾಟಲಿ ಬಿರಡೆ ತೆಗೆಯುವ ತಿರುಪು ಕದ್ದು, ಅದನ್ನು ಹಿಡಿದುಕೊಂಡೇ ಸಾಯುತ್ತಾನೆ. ಆಮೇಲೆ ಫೀಲ್ಡಿಂಗ್ ಬೋ ಸ್ಟ್ರೀಟಿನ ಮ್ಯಾಜಿಸ್ಟ್ರೇಟನಾದ. 1751ರಲ್ಲಿ ದರೋಡೆ ಹೆಚ್ಚಾದದ್ದರ ಕಾರಣಗಳ ಬಗ್ಗೆ ಬರೆದ ಪುಸ್ತಕದಲ್ಲಿ ಟೈಬರ್ನ್ ಮೆರವಣಿಗೆ ಕಳ್ಳನಿಗೆ ಅವಮಾನದ ದಿನವಲ್ಲ, ವೈಭವದ ದಿನ ಎಂದ. ಗಲ್ಲು ಬೇಗ ಆಗಬೇಕು, ಮರೆಯಲ್ಲಿ ಆಗಬೇಕು, ಗಂಭೀರವಾಗಿ ಆಗಬೇಕು. ಇದಕ್ಕೆ ಅವನು ಕೊಟ್ಟ ಆಧಾರ ಕಾನೂನಿನದಲ್ಲ, ರಂಗಭೂಮಿಯದು: ಆ ಕಾಲದ ಹೆಸರಾಂತ ನಟ ಗ್ಯಾರಿಕ್ ‘ಮ್ಯಾಕ್‌ಬೆತ್’ ಆಡುವಾಗ ದೊರೆಯ ಕೊಲೆ ಪರದೆಯ ಹಿಂದೆ ನಡೆಯುತ್ತದೆ, ಆದರೂ ಪ್ರೇಕ್ಷಕರ ಕೂದಲು ನಿಮಿರುತ್ತದೆ, ಕಣ್ಣಿಗಿಂತ ಮನಸ್ಸು ದೊಡ್ಡದು ಮಾಡಿಕೊಳ್ಳುತ್ತದೆ. ಕರುಣೆಯಿಂದ ಹೇಳಿದ ಮಾತಲ್ಲ ಇದು. ಹೆಚ್ಚು ಹೆದರಿಸುವುದು ಹೇಗೆ ಎಂದು ಒಬ್ಬ ಪಳಗಿದ ನಾಟಕಕಾರ ಕೊಟ್ಟ ಸಲಹೆ.

ಸಲಹೆ ಅರ್ಧ ಜಾರಿಯಾಗಲು 32 ವರ್ಷ ಹಿಡಿಯಿತು. ಟೈಬರ್ನ್‌ನ ಕೊನೆಯ ಗಲ್ಲು 1783ರ ನವೆಂಬರ್ 3ರಂದು. ಮುಂದಿನ ತಿಂಗಳೇ ನ್ಯೂಗೇಟಿನ ಬಾಗಿಲ ಮುಂದೆ ವೇದಿಕೆ ಹಾಕಿದರು. ಮೂರು ಮೈಲಿ ಹೋಗಿ ಕೆಲವು ಹೆಜ್ಜೆ ಉಳಿಯಿತು. ನಿಘಂಟುಕಾರ ಸ್ಯಾಮ್ಯುಯೆಲ್ ಜಾನ್ಸನ್‌ಗೆ ಇದು ಹಿಡಿಸಲಿಲ್ಲ. ಗಲ್ಲು ಇರುವುದೇ ಜನ ಸೇರಲೆಂದು, ಮೆರವಣಿಗೆಯಿಂದ ಜನಕ್ಕೆ ತೃಪ್ತಿ ಇತ್ತು, ಕೈದಿಗೆ ಆಸರೆ ಇತ್ತು, ಅದನ್ನೇಕೆ ಕಿತ್ತುಕೊಂಡಿರಿ ಎಂದು ಗೊಣಗಿದ್ದನ್ನು ಅವನ ಜೀವನಚರಿತ್ರೆಕಾರ ಬಾಸ್ವೆಲ್ ಬರೆದಿಟ್ಟಿದ್ದಾನೆ. ಕೈದಿಗೆ ಆಸರೆ ಎನ್ನುವುದು ಮಾತ್ರ ಯೋಚಿಸಬೇಕಾದ ಮಾತು. ದಾರಿ ಗಿಡ್ಡವಾದರೂ ಜನ ಕಡಿಮೆಯಾಗಲಿಲ್ಲ, ಇಕ್ಕಟ್ಟಿನ ಬೀದಿಗೆ ತುರುಕಿಕೊಂಡರು. 1807ರ ಫೆಬ್ರವರಿ 23ರಂದು ನ್ಯೂಗೇಟಿನ ಮುಂದೆ ನೂಕುನುಗ್ಗಲಿಗೆ ಸಿಕ್ಕು ಸುಮಾರು 30 ಜನ ಸತ್ತರು. ಆ ದಿನ ಗಲ್ಲಿಗೇರಬೇಕಾಗಿದ್ದವರು ಮೂವರು.

1840ರ ಜುಲೈ 6ರಂದು, ಧಣಿಯ ಕತ್ತು ಕೊಯ್ದ ಸೇವಕ ಕೂರ್ವಾಸಿಯೇಯ ಗಲ್ಲಿಗೆ ಕಾದಂಬರಿಕಾರ ಥ್ಯಾಕರೆ ಹೋಗಿದ್ದ. ಅವನು ಬರೆದ ಪ್ರಬಂಧದ ಬಹುಭಾಗ ಹೋಗುವ ದಾರಿ, ಕಾಯುವ ಜನ, ಕಿಟಕಿಗಳ ಗದ್ದಲ. ಕೈದಿ ಹೊರಗೆ ಬಂದ ಮೇಲೆ ಕೆಲವೇ ಸಾಲು: ಕಟ್ಟಿದ ಕೈಗಳನ್ನು ದಿಕ್ಕುಗಾಣದೆ ಒಂದೆರಡು ಸಲ ತೆರೆದು ಮುಚ್ಚಿದ, ಸುತ್ತ ಬೇಡುವಂತೆ ನೋಡಿದ. ಆಮೇಲೆ ಥ್ಯಾಕರೆ ಕಣ್ಣು ಮುಚ್ಚಿಕೊಂಡ. ನೋಡಲು ಹೋದವನು ನೋಡಲಿಲ್ಲ ಎಂದು ಒಪ್ಪಿಕೊಳ್ಳುವ ಈ ಜಾಗವೇ ಆ ಪ್ರಬಂಧದ ಬೆಲೆ. ಅದೇ ಗುಂಪಿನಲ್ಲಿ ಡಿಕನ್ಸ್ ಕೂಡ ಇದ್ದ. 1846ರಲ್ಲಿ ಮರಣದಂಡನೆಯೇ ಬೇಡ ಎಂದು ಪತ್ರಿಕೆಗೆ ಬರೆದಿದ್ದ ಡಿಕನ್ಸ್, 1849ರ ನವೆಂಬರ್ 13ರಂದು ಮ್ಯಾನಿಂಗ್ ದಂಪತಿಗಳ ಗಲ್ಲು ನೋಡಲು ಗೆಳೆಯರ ಜೊತೆ ಎದುರಿನ ಮನೆಯ ಮಾಳಿಗೆ ಬಾಡಿಗೆ ಹಿಡಿದ. ಅದೇ ದಿನ ‘ಟೈಮ್ಸ್’ ಪತ್ರಿಕೆಗೆ ಬರೆದ ಕಾಗದದಲ್ಲಿ ಕೇಳಿದ್ದು ಇಷ್ಟೇ: ಗಲ್ಲನ್ನು ಗೋಡೆಯೊಳಗೆ ಮಾಡಿ. ಮೂರು ವರ್ಷದಲ್ಲಿ ಅವನ ಬೇಡಿಕೆ ಎಷ್ಟು ಕುಗ್ಗಿತ್ತು ನೋಡಿ. ಗುಂಪಿನ ಮೇಲಿನ ಹೇಸಿಗೆ, ಕೊಲ್ಲುವುದರ ಮೇಲಿನ ಹೇಸಿಗೆಯನ್ನು ನುಂಗಿಹಾಕಿತ್ತು.

ಗೋಡೆ ಬಂದದ್ದು 1868ರಲ್ಲಿ. ಮೇ 26ರಂದು ಮೈಕೆಲ್ ಬ್ಯಾರೆಟ್ ಎಂಬ ಐರಿಷ್ ಕ್ರಾಂತಿಕಾರಿಯದು ಇಂಗ್ಲೆಂಡಿನ ಕೊನೆಯ ಬಹಿರಂಗ ಗಲ್ಲು. ಮೂರು ದಿನಕ್ಕೆ ಕಾಯಿದೆ ಜಾರಿ. ಇನ್ನು ಮುಂದೆ ಷೆರಿಫ್, ಜೈಲರ್, ಪಾದ್ರಿ, ವೈದ್ಯ ಹಾಜರಿರಬೇಕು. ವೈದ್ಯ ಸತ್ತನೆಂದು ಪ್ರಮಾಣಪತ್ರ ಬರೆಯಬೇಕು. 24 ಗಂಟೆಯೊಳಗೆ ಶವದ ವಿಚಾರಣೆ. ಹೂಳುವುದು ಸೆರೆಮನೆಯ ಆವರಣದಲ್ಲೇ. ಹೊರಗಿನವರಿಗೆ ಉಳಿದದ್ದು ಗಂಟೆಯ ಸದ್ದು ಮತ್ತು ಒಂದು ಗಂಟೆ ಕಾಲ ಹಾರುವ ಕಪ್ಪು ಬಾವುಟ. ಥಾಮಸ್ ಹಾರ್ಡಿಯ ‘ಟೆಸ್’ ಕಾದಂಬರಿಯ ಕೊನೆಯಲ್ಲಿ ಟೆಸ್ ಸಾಯುವುದನ್ನು ನಾವು ನೋಡುವುದಿಲ್ಲ. ಊರಾಚೆಯ ಗುಡ್ಡ ಹತ್ತಿದ ಇಬ್ಬರು, ಸೆರೆಮನೆಯ ಗೋಪುರದ ಕಂಬಕ್ಕೆ ಕಪ್ಪು ಬಟ್ಟೆ ಏರುವುದನ್ನು ನೋಡುತ್ತಾರೆ. ಕಾಯಿದೆಯ ಒಂದು ನಿಯಮ ಕಾದಂಬರಿಯ ಕೊನೆಯ ದೃಶ್ಯವಾಯಿತು.

ಗೋಡೆಯೊಳಗೆ ಕೆಲಸ ಶುದ್ಧವಾಯಿತೇ ಎಂದರೆ ಅದೂ ಇಲ್ಲ. ಬೀಳುವ ಎತ್ತರವನ್ನು ದೇಹದ ತೂಕಕ್ಕೆ ತಾಳೆ ಹಾಕುವ ಪದ್ಧತಿ ವಿಲಿಯಂ ಮಾರ್ವುಡ್ ಎಂಬ ವಧಕನಿಂದ 1872ರಲ್ಲಿ ಶುರುವಾಯಿತು. ಸಾವು ಕ್ಷಣದ್ದಾಗಬೇಕು ಎಂಬುದು ಉದ್ದೇಶ. 1885 ಒಂದೇ ವರ್ಷದಲ್ಲಿ ಎರಡೂ ತುದಿಯ ಅಪಘಾತ ನಡೆದವು. ಫೆಬ್ರವರಿಯಲ್ಲಿ ಎಕ್ಸೆಟರ್‌ನಲ್ಲಿ ಜಾನ್ ಲೀಯ ಕಾಲಡಿಯ ಹಲಗೆ ಮೂರು ಸಲ ಎಳೆದರೂ ಕೆಳಗೆ ಬೀಳಲಿಲ್ಲ, ಅವನ ಶಿಕ್ಷೆ ಜೀವಾವಧಿಗೆ ಇಳಿಯಿತು. ನವೆಂಬರಿನಲ್ಲಿ ನಾರ್ವಿಚ್‌ನಲ್ಲಿ ಲೆಕ್ಕ ಉಲ್ಟಾ ಆಗಿ ಕೈದಿಯ ರುಂಡವೇ ಬೇರೆಯಾಯಿತು. ಮರುವರ್ಷ ಸರಕಾರ ಸಮಿತಿ ಕೂರಿಸಿತು. ಬೀದಿಯಲ್ಲಿ ಹೀಗಾಗಿದ್ದರೆ ಹಾಡಾಗುತ್ತಿತ್ತು. ಒಳಗೆ ಆದದ್ದರಿಂದ ವರದಿಯಾಯಿತು.

ಆದರೆ ಒಳಗೆ ಒಬ್ಬ ಕವಿಯೂ ಇದ್ದ. 1896ರ ಜುಲೈ 7ರಂದು ರೆಡಿಂಗ್ ಸೆರೆಮನೆಯಲ್ಲಿ ಹೆಂಡತಿಯನ್ನು ಕೊಂದ ಸೈನಿಕ ವೂಲ್‌ರಿಜ್‌ನ ಗಲ್ಲು ಆದಾಗ ಆಸ್ಕರ್ ವೈಲ್ಡ್ ಅಲ್ಲೇ ಕೈದಿ. 1898ರಲ್ಲಿ ಬಂದ ‘ಬ್ಯಾಲಡ್ ಆಫ್ ರೆಡಿಂಗ್ ಜೈಲ್’ ಪದ್ಯದ ಪುಸ್ತಕದಲ್ಲಿ ಕವಿಯ ಹೆಸರಿನ ಜಾಗದಲ್ಲಿದ್ದದ್ದು ಅವನ ಕೋಣೆಯ ಸಂಖ್ಯೆ, ಸಿ.3.3. ಅದರಲ್ಲಿ ಸೈನಿಕನ ಕೋಟು ಕೆಂಪು. ನಿಜದಲ್ಲಿ ಆ ರೆಜಿಮೆಂಟಿನದು ನೀಲಿ. ರಕ್ತಕ್ಕೂ ಮದ್ಯಕ್ಕೂ ಹೊಂದುವ ಬಣ್ಣ ಕವಿಗೆ ಬೇಕಾಗಿತ್ತು. ಅಲ್ಲೂ ನಡಿಗೆ ಇದೆ, ಆದರೆ ಎಲ್ಲಿಗೂ ಹೋಗದ ನಡಿಗೆ: ಕೈದಿಗಳು ಅಂಗಳದಲ್ಲಿ ದುಂಡಗೆ ಸುತ್ತುತ್ತಾರೆ, ಸಾಯಬೇಕಾದವನು ಒಂದು ಸುತ್ತಿನಲ್ಲಿ, ಉಳಿದವರು ಇನ್ನೊಂದರಲ್ಲಿ.

ಅದೇ ಆಡಳಿತ ಭಾರತದಲ್ಲಿ ಬೇರೆ ಲೆಕ್ಕ ಇಟ್ಟುಕೊಂಡಿತ್ತು. 1831ರ ಜನವರಿ 26ರಂದು ಸಂಗೊಳ್ಳಿ ರಾಯಣ್ಣನನ್ನು ನಂದಗಡದ ಬಳಿ ಆಲದ ಮರಕ್ಕೆ ನೇಣು ಹಾಕಿದರು. 1857ರ ಡಿಸೆಂಬರಿನಲ್ಲಿ, ಆಯುಧ ಒಪ್ಪಿಸಲು ಒಲ್ಲೆವೆಂದ ಹಲಗಲಿ ಬೇಡರಲ್ಲಿ 19 ಜನರನ್ನು ಮುಧೋಳದಲ್ಲೂ ಹಲಗಲಿಯಲ್ಲೂ ಜನರೆದುರೇ ಗಲ್ಲಿಗೇರಿಸಿದರು. ಹೆದರಿಕೆ ಹುಟ್ಟಲೆಂದು ಮಾಡಿದ್ದು, ಹುಟ್ಟಿದ್ದು ಲಾವಣಿ. ಟೈಬರ್ನ್‌ನ ಹಾಳೆ ಸತ್ತವನ ಬಾಯಲ್ಲಿ ಪಶ್ಚಾತ್ತಾಪ ತುರುಕುತ್ತಿತ್ತು. ಹಲಗಲಿಯ ಲಾವಣಿಯಲ್ಲಿ ಅಂಥ ಪಶ್ಚಾತ್ತಾಪದ ಸುಳಿವೇ ಇಲ್ಲ. ಕಂಪನಿ ಸರಕಾರದ ನಂತರದ ಅಧಿಕಾರಿಯೇ ಆದ ಜಾನ್ ಫೇತ್‌ಫುಲ್ ಫ್ಲೀಟ್ ಅದನ್ನು ಸಂಗ್ರಹಿಸಿ ಅಚ್ಚು ಹಾಕಿಸಿದ. ನಂದಗಡದ ಆಲಕ್ಕೆ ಜನ ಹರಕೆ ಹೊರುತ್ತಾರೆ. 1931ರ ಹೊತ್ತಿಗೆ ಆಳುವವರು ಈ ಪಾಠ ಕಲಿತಿದ್ದರು: ಭಗತ್ ಸಿಂಗ್, ರಾಜಗುರು, ಸುಖದೇವ್ ಅವರ ಗಲ್ಲು ಮಾರ್ಚ್ 24ರ ಬೆಳಿಗ್ಗೆ ಎಂದಿದ್ದದ್ದನ್ನು 23ರ ಸಂಜೆಗೇ ಮುಗಿಸಿ, ಹೆಣಗಳನ್ನು ಲಾಹೋರಿನಿಂದ ರಾತ್ರಿಯೇ ಕದ್ದೊಯ್ದು ಸತ್ಲೆಜ್ ದಂಡೆಯಲ್ಲಿ ಸುಟ್ಟರು.

ಅದೇ 1931ರಲ್ಲಿ, ಬರ್ಮಾದಲ್ಲಿ ಪೊಲೀಸ್ ಅಧಿಕಾರಿಯಾಗಿದ್ದು ಕೆಲಸ ಬಿಟ್ಟು ಬಂದಿದ್ದ ಒಬ್ಬ, ‘ಎ ಹ್ಯಾಂಗಿಂಗ್’ ಎಂಬ ಪುಟ್ಟ ಪ್ರಬಂಧ ಪ್ರಕಟಿಸಿದ. ಜಾರ್ಜ್ ಆರ್ವೆಲ್ ಎಂಬ ಹೆಸರು ಅವನಿಗೆ ಆಗಿನ್ನೂ ಬಂದಿರಲಿಲ್ಲ. ಮಳೆಗಾಲದ ಬೆಳಗು. ಕೈದಿ ಹಿಂದೂ, ತೆಳ್ಳಗಿನವನು. ಹೆಡ್ ಜೈಲರ್ ದ್ರಾವಿಡ ದೇಶದವನು, ಚಿನ್ನದ ಚೌಕಟ್ಟಿನ ಕನ್ನಡಕದವನು. ಕೋಣೆಯಿಂದ ಗಲ್ಲಿಗೆ ಸುಮಾರು ನಲವತ್ತು ಗಜ. ಎಲ್ಲಿಂದಲೋ ಬಂದ ನಾಯಿಯೊಂದು ಕೈದಿಯ ಮುಖ ನೆಕ್ಕಲು ನೆಗೆಯುತ್ತದೆ. ಎರಡೂ ಹೆಗಲನ್ನು ವಾರ್ಡರುಗಳು ಹಿಡಿದಿದ್ದರೂ, ದಾರಿಯಲ್ಲಿದ್ದ ನೀರಿನ ಹೊಂಡ ತುಳಿಯದಂತೆ ಅವನು ತುಸು ಪಕ್ಕಕ್ಕೆ ಸರಿದು ಕಾಲಿಡುತ್ತಾನೆ. ಗಲ್ಲಿನ ಮೇಲೆ ನಿಂತು ರಾಮ, ರಾಮ, ರಾಮ ಎಂದು ಒಂದೇ ಸಮನೆ ಕೂಗುತ್ತಾನೆ. ಎಂಟು ಗಂಟೆ ಎಂಟು ನಿಮಿಷಕ್ಕೆ ಸೂಪರಿಂಟೆಂಡೆಂಟ್ ಕೈಗಡಿಯಾರ ನೋಡಿಕೊಂಡು ಇವತ್ತಿಗೆ ಇಷ್ಟೇ ಎನ್ನುತ್ತಾನೆ. ಆಮೇಲೆ ಬಿಳಿಯರೂ ಸ್ಥಳೀಯರೂ ಒಟ್ಟಿಗೆ ನಿಂತು ವಿಸ್ಕಿ ಕುಡಿಯುತ್ತಾರೆ, ಯಾವುದೋ ಹಳೆಯ ಗಲ್ಲಿನ ತಮಾಷೆ ಹೇಳಿಕೊಂಡು ನಗುತ್ತಾರೆ. ಪ್ರಬಂಧದ ಕೊನೆಯ ವಾಕ್ಯ ಒಂದು ಅಳತೆ: ಸತ್ತವನು ಅಲ್ಲಿಂದ ನೂರು ಗಜ ದೂರದಲ್ಲಿದ್ದ.